ಅಮೆರಿಕದ ಕೋಚ್ ಕಂಪನಿಯ ಹ್ಯಾಂಡ್‌ಬ್ಯಾಗ್ ಔಟ್‌ಲೆಟ್‌ನಲ್ಲಿ, ಅಂದರೆ ಕಂಪನಿಯದೇ ರಿಯಾಯಿತಿ ಅಂಗಡಿಯಲ್ಲಿ, ಯಾವಾಗಲೂ ಅರ್ಧ ಬೆಲೆಗೆ ಹೇಗೆ ಸಿಗುತ್ತದೆ? ಅದು ಮಾಮೂಲಿ ಅಂಗಡಿಯಲ್ಲಿ ಉಳಿದ ಮಾಲಾ?

ಬಹುಪಾಲು ಅಲ್ಲ. ಔಟ್‌ಲೆಟ್‌ಗೆಂದೇ ಬೇರೆ ಡಿಸೈನ್ ಮಾಡಿ, ಅಲ್ಲಿಗೆಂದೇ ಹೊಲಿಸಿದ ಬ್ಯಾಗ್‌ಗಳೇ ಅಲ್ಲಿ ಜಾಸ್ತಿ. ಹಾಗಂತ ನಕಲಿ ಅಲ್ಲ, ಅದೂ ಕೋಚ್‌ನದೇ. ಆದರೆ ಚೀಟಿಯಲ್ಲಿ ಗೀಟು ಹೊಡೆದ ಬೆಲೆ ಇರುತ್ತದಲ್ಲ, ಆ ಬೆಲೆಗೆ ಆ ಬ್ಯಾಗನ್ನು ಯಾರಾದರೂ ಕೊಂಡಿದ್ದು ನನಗಂತೂ ಅನುಮಾನ. ಹಳೆಯ ಬ್ಯಾಗ್ ಆದರೆ ಒಳಗೆ ಹೊಲಿದಿರುವ ಚರ್ಮದ ತುಂಡು ನೋಡಿ. ಅದರ ಮೇಲಿನ ಮಾಡೆಲ್ ನಂಬರ್ ‘ಎಫ್’ನಿಂದ ಶುರುವಾದರೆ ಅದು ಔಟ್‌ಲೆಟ್ ಮಾಲು.

ಕಂಪನಿ ಶುರುವಾಗಿದ್ದು 1941ರಲ್ಲಿ, ನ್ಯೂಯಾರ್ಕ್‌ನ ಸಣ್ಣ ವರ್ಕ್‌ಶಾಪ್‌ನಲ್ಲಿ. ಬೇಸ್‌ಬಾಲ್ ಗ್ಲೌಸ್ ಬಳಸಿದಷ್ಟೂ ಮೆತ್ತಗಾಗುವುದನ್ನು ನೋಡಿ ಅಂಥದ್ದೇ ಚರ್ಮ ಹದ ಮಾಡಿಸಿದರು. ಕಂಪನಿ ಹೆಸರುವಾಸಿಯಾಗಿದ್ದು ಅದರಿಂದ. ಔಟ್‌ಲೆಟ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ಮೇಲೆ ಅಚ್ಚೊತ್ತಿ ಗೀರು ಮೂಡಿಸಿದ ಗಟ್ಟಿ ಚರ್ಮ. ಉಗುರು ತಾಗಿದರೂ ಕಲೆ ಕಾಣಲ್ಲ, ದಿನಾ ಹಿಡಿದು ಓಡಾಡುವವರಿಗೆ ಅದೇ ವಾಸಿ, ಆದರೆ ಬಳಸಿದ ಹಾಗೆ ಹೊಳಪು ಕಟ್ಟುವ ಗುಣ ಅದಕ್ಕಿಲ್ಲ.

ಈ ಧಂದೆಯ ಕಷ್ಟ ಏನೆಂದರೆ, ರಿಯಾಯಿತಿ ಕೊಟ್ಟರೆ ಮಾಲು ಹೋಗುತ್ತದೆ, ಜನಕ್ಕೆ ಅದೇ ರೂಢಿಯಾಗುತ್ತದೆ. ಹೇಗೂ ಮುಂದಿನ ತಿಂಗಳು ಇಳಿಯುತ್ತದೆ ಅಂತ ಗೊತ್ತಿದ್ದರೆ ಇವತ್ತು ಪೂರ್ತಿ ದುಡ್ಡು ಯಾರು ಕೊಡ್ತಾರೆ? ಕೋಚ್‌ಗೆ ಆಗಿದ್ದೂ ಇದೇ. ಇದರಿಂದ ಹೊರಬರಲು 2013ರಲ್ಲಿ ಸ್ಟುವರ್ಟ್ ವೀವರ್ಸ್ ಅವರನ್ನು ಡಿಸೈನ್ ಮುಖ್ಯಸ್ಥರಾಗಿ ತಂದರು. 2016ರಲ್ಲಿ, ಪದೇ ಪದೇ ಬೆಲೆ ಇಳಿಸುವ ಅಮೆರಿಕದ ಡಿಪಾರ್ಟ್‌ಮೆಂಟ್ ಸ್ಟೋರ್‌ಗಳಲ್ಲಿ ಸುಮಾರು ಕಾಲು ಭಾಗದಿಂದ ಮಾಲನ್ನೇ ವಾಪಸ್ ತೆಗೆದರು. ಕೈಗೆ ಬರುವ ವ್ಯಾಪಾರ ತಾವಾಗಿಯೇ ಬಿಡುವುದು ಸುಮ್ನೆ ಮಾತಲ್ಲ. ಆಮೇಲೆ ಬಂದ ಟ್ಯಾಬಿ ಬ್ಯಾಗನ್ನು ಚಿಕ್ಕ ವಯಸ್ಸಿನವರು ಪೂರ್ತಿ ಬೆಲೆ ಕೊಟ್ಟೇ ಕೊಳ್ಳುತ್ತಿದ್ದಾರೆ.

ರಿಯಾಯಿತಿ ಎಷ್ಟು ದೊಡ್ಡ ವಿಷಯ ಅಂದರೆ ಕೋರ್ಟಿಗೂ ಹೋಯಿತು. ಕೋಚ್, ಕೇಟ್ ಸ್ಪೇಡ್ ಎರಡೂ ಬ್ಯಾಗ್ ಬ್ರ್ಯಾಂಡ್‌ಗಳು ಟ್ಯಾಪೆಸ್ಟ್ರಿ ಕಂಪನಿಯವು. ಅದು 2023ರಲ್ಲಿ ಇನ್ನೊಂದು ಬ್ಯಾಗ್ ಬ್ರ್ಯಾಂಡ್ ಮೈಕೆಲ್ ಕೋರ್ಸ್‌ನ ಒಡೆಯ ಕ್ಯಾಪ್ರಿ ಕಂಪನಿಯನ್ನು 850 ಕೋಟಿ ಡಾಲರ್‌ಗೆ ಕೊಳ್ಳಲು ಹೊರಟಿತು. ಮೂರೂ ಒಂದೇ ಕೈಗೆ ಬಂದರೆ ಪೈಪೋಟಿಯ ರಿಯಾಯಿತಿ ನಿಂತು ಕೊಳ್ಳುವವರಿಗೆ ಏಟು ಬೀಳುತ್ತದೆ ಅಂತ ಅಮೆರಿಕ ಸರ್ಕಾರದ ವ್ಯಾಪಾರ ಆಯೋಗ ವಾದಿಸಿತು. 2024ರ ಅಕ್ಟೋಬರ್‌ನಲ್ಲಿ ನ್ಯಾಯಾಧೀಶರು ಆ ಖರೀದಿಗೆ ತಡೆ ಕೊಟ್ಟರು, ಮುಂದಿನ ತಿಂಗಳೇ ಎರಡೂ ಕಂಪನಿಗಳು ಒಪ್ಪಂದ ಕೈಬಿಟ್ಟವು.