ದೇವರಿಗೆ ಗಲಾಟೆ ಆಗುವುದಿಲ್ಲ ಎಂದು ಮಾತ್ರ ಹೇಳಬೇಡಿ

ತಂಗಿ,

ಮುಂದಿನ ತಿಂಗಳು ಮ್ಯೂನಿಕ್‌ಗೆ ಬರುತ್ತಿದ್ದೇವೆ, ನಾಲ್ಕು ವರ್ಷದ ಮಗ ಕುಳಿತಲ್ಲಿ ಕೂರುವವನಲ್ಲ, ಮನೆಯಲ್ಲಿ ಎರಡು ಹೊತ್ತು ಪೂಜೆ, ಸಂಜೆ ಭಜನೆ, ಮೊದಲ ಮೂರು ತಿಂಗಳು ಅತ್ತೆಯವರೂ ಜೊತೆಗಿರುತ್ತಾರೆ ಎಂದು ಬರೆದಿದ್ದೀರಿ. ಅಪಾರ್ಟ್‌ಮೆಂಟಿನಲ್ಲಿ ಇದೆಲ್ಲ ನಡೆಯುತ್ತದೆಯೇ, ಊಟಕ್ಕೆ ಏನು ಮಾಡುವುದು, ಮಗು ನಮ್ಮ ಕ್ರಮ ಮರೆಯದಂತೆ ಬೆಳೆಸುವುದು ಹೇಗೆ ಎಂದು ಕೇಳಿದ್ದೀರಿ. ಉಡುಪಿಯ ಕಡಿಯಾಳಿಯವರು ಎಂದು ಓದಿದೊಡನೆ ಕೈಯಲ್ಲಿದ್ದ ಕೆಲಸ ಬಿಟ್ಟು ಬರೆಯಲು ಕುಳಿತೆ. ನನ್ನ ತವರುಮನೆ ಅಲ್ಲಿಂದ ನಡೆದು ಹೋಗುವಷ್ಟು ದೂರ.

ನಾವು ಬಂದದ್ದು 2008ರ ಜನವರಿ ಕೊನೆಗೆ. ಊರಿನಲ್ಲಿ ಪರ್ಯಾಯದ, ಅಂದರೆ ಎರಡು ವರ್ಷಕ್ಕೊಮ್ಮೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಹಬ್ಬದ, ಗೌಜಿ ಆಗಷ್ಟೇ ಮುಗಿದಿತ್ತು. ಹದಿನೆಂಟರ ಬೆಳಗಿನ ಜಾವ ಜೋಡುಕಟ್ಟೆಯಿಂದ ಹೊರಟ ಮೆರವಣಿಗೆಯನ್ನು ನನ್ನ ಮೂರೂವರೆ ವರ್ಷದ ಮಗ ಅಜ್ಜಯ್ಯನ ಹೆಗಲೇರಿ ನೋಡಿದ್ದ. ಚೆಂಡೆಯ ಪೆಟ್ಟಿಗೆ ಸರಿಯಾಗಿ ಅವರ ತಲೆಯ ಮೇಲೆ ತಾಳ ಹಾಕುತ್ತಿದ್ದ, ಅವರು ನಗುತ್ತಿದ್ದರು. ಅದಾಗಿ ಹತ್ತು ದಿನದೊಳಗೆ ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಹೊರಗೆ ಹಿಮ, ಒಳಗೆ ಗಡಿಯಾರದ ಸದ್ದು. ಮಗು ನನ್ನ ಸೆರಗು ಹಿಡಿದು, ‘ಎಲ್ಲರೂ ಮಲಗಿದ್ದಾರಾ?’ ಎಂದು ಕೇಳಿತ್ತು.

ಊಟದ ಚಿಂತೆ ಬೇಡ. ಬೇಳೆ, ತೆಂಗಿನಕಾಯಿ, ಕರಿಬೇವು ಎಲ್ಲ ಸಿಗುತ್ತದೆ. ಕುಚ್ಚಲಕ್ಕಿಗೆ ಸ್ವಲ್ಪ ಓಡಾಡಬೇಕು, ಅಷ್ಟೇ. ಶಿಶುವಿಹಾರದಲ್ಲಿ ಮಾಂಸ, ಮೀನು ಬೇಡವೆಂದು ಬರೆದುಕೊಡುವಾಗ ಮೊಟ್ಟೆ ಮತ್ತು ಜೆಲಾಟಿನ್ ಎಂಬ ಎರಡು ಪದಗಳನ್ನು ಬೇರೆಯಾಗಿಯೇ ಸೇರಿಸಿ. ಹುಟ್ಟುಹಬ್ಬಕ್ಕೆ ಮಕ್ಕಳು ಹಂಚುವ ಬಣ್ಣಬಣ್ಣದ ಅಂಟುಮಿಠಾಯಿಗಳಲ್ಲಿ ಹಂದಿಯ ಚರ್ಮದಿಂದ ತೆಗೆದ ಜೆಲಾಟಿನ್ ಇರುವುದು ಸಾಮಾನ್ಯ. ಅದಿಲ್ಲದ ಮಿಠಾಯಿಯೂ ಸಿಗುತ್ತದೆ. ಒಂದು ಡಬ್ಬಿ ಶಿಕ್ಷಕಿಯ ಬಳಿ ಇಟ್ಟಿರಿ, ಎಲ್ಲರೂ ತಿನ್ನುವಾಗ ಮಗುವಿನ ಕೈ ಖಾಲಿ ಇರಬಾರದು. ಏಕಾದಶಿಯ ವಿಷಯ ನಾನು ಹೇಳಬೇಕಾಗಿಲ್ಲ, ಮಕ್ಕಳಿಗೆ ಎಷ್ಟು ಎಂದು ನಿಮ್ಮ ಅತ್ತೆಯವರಿಗೆ ಗೊತ್ತಿರುತ್ತದೆ.

ಸಂಜೆಯ ದೀಪದ ಬಗ್ಗೆ ನೀವು ಕೇಳಿಲ್ಲ, ಆದರೆ ಜೂನ್ ಬಂದಾಗ ತಬ್ಬಿಬ್ಬಾಗುತ್ತೀರಿ. ಇಲ್ಲಿ ಆ ತಿಂಗಳು ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಡಿಸೆಂಬರಿನಲ್ಲಿ ನಾಲ್ಕೂವರೆಗೆ ಮೊದಲೇ ಮುಳುಗಿಬಿಡುತ್ತದೆ. ನಾವು ವರ್ಷವಿಡೀ ಆರೂವರೆಗೆ ದೀಪ ಹಚ್ಚುತ್ತೇವೆ. ಅತ್ತೆಯವರು ಮೊದಲು ಒಪ್ಪಲಿಕ್ಕಿಲ್ಲ. ಹಗಲಿನಂಥ ಬೆಳಕಿನಲ್ಲಿ ಮಗುವನ್ನು ಮಲಗಿಸಲು ಎರಡು ದಿನ ಒದ್ದಾಡಿದರೆ ಅವರೇ ಒಪ್ಪುತ್ತಾರೆ. ಧೂಪ ಹಾಕುವಾಗ ಕಿಟಕಿ ತೆರೆದಿರಲಿ, ಪ್ರತಿ ಮನೆಯಲ್ಲಿಯೂ ಹೊಗೆ ಕಂಡರೆ ಕಿರುಚುವ ಯಂತ್ರವಿದೆ.

ಊರಿಗೆ ಹೋಗುವ ಟಿಕೆಟನ್ನು ಮೊಬೈಲಿನ ಕ್ಯಾಲೆಂಡರ್ ನೋಡಿ ಮಾಡಬೇಡಿ. ನಮ್ಮ ಕೃಷ್ಣಮಠದ ಅಷ್ಟಮಿ ಸೂರ್ಯನ ಲೆಕ್ಕದ ಸೌರಮಾನದ್ದು. 2025ರಲ್ಲಿ ಬೇರೆ ಕಡೆಯ ಜನ್ಮಾಷ್ಟಮಿ ಆಗಸ್ಟ್ ಮಧ್ಯದಲ್ಲಿ ಮುಗಿದರೆ ಉಡುಪಿಯಲ್ಲಿ ಅಷ್ಟಮಿಯ ಮರುದಿನ ಕುಡಿಕೆ ಒಡೆಯುವ ಹಬ್ಬವಾದ ವಿಟ್ಲಪಿಂಡಿ ಬಂದದ್ದು ಸೆಪ್ಟೆಂಬರ್ 15ಕ್ಕೆ. ಇಲ್ಲಿಯ ಬೇಸಿಗೆ ರಜೆ ಸೆಪ್ಟೆಂಬರ್ ಮಧ್ಯಕ್ಕೆ ಮುಗಿಯುತ್ತದೆ, ಮತ್ತು ಒಮ್ಮೆ ಶಾಲೆಗೆ ಸೇರಿದ ಮೇಲೆ ಹಬ್ಬವೆಂದು ವಾರಗಟ್ಟಲೆ ತಪ್ಪಿಸಲು ಕಾನೂನು ಬಿಡುವುದಿಲ್ಲ. ಶಾಲೆಗೆ ಮೊದಲಿನ ಎರಡು ವರ್ಷ ನಿಮ್ಮ ಕೈಯಲ್ಲಿದೆ, ಅದನ್ನು ಕಳೆದುಕೊಳ್ಳಬೇಡಿ.

ಇನ್ನು ಗಲಾಟೆಯ ಮಾತು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಇಲ್ಲಿ ಸದ್ದು ಮಾಡುವಂತಿಲ್ಲ, ಭಾನುವಾರ ಇಡೀ ದಿನ ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಇದಷ್ಟು ನನಗೆ ಮೊದಲ ವಾರವೇ ತಿಳಿಯಿತು. ತಿಳಿಯದೇ ಇದ್ದದ್ದು ಉಳಿದರ್ಧ. ಮಕ್ಕಳ ಸದ್ದನ್ನು ಬೇರೆ ಗದ್ದಲದಂತೆ ನೋಡಬಾರದು ಎಂಬ ತಿಳಿವಳಿಕೆ ಇಲ್ಲಿಯೂ ಇದೆ. ಶಿಶುವಿಹಾರ, ಆಟದ ಮೈದಾನಗಳಲ್ಲಿ ಮಕ್ಕಳು ಮಾಡುವ ಸದ್ದನ್ನು ಸಾಮಾನ್ಯವಾಗಿ ಹಾನಿಕರವೆಂದು ಎಣಿಸಬಾರದು ಎಂದು 2011ರಲ್ಲಿ ಕಾನೂನಿಗೇ ತಿದ್ದುಪಡಿ ತಂದರು. ಮನೆಯೊಳಗಿನ ಮಗುವಿನ ಓಡಾಟವನ್ನೂ ನ್ಯಾಯಾಲಯಗಳು ಸಾಕಷ್ಟು ಸಹಿಸಿಕೊಂಡಿವೆ. ಇದನ್ನು ಯಾರಾದರೂ ನನಗೆ ಆಗಲೇ ಹೇಳಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಬಂದ ವರ್ಷದ ಮಾರ್ಚ್ ಇರಬೇಕು. ಸಂಜೆ ಆರತಿಯ ಹೊತ್ತು. ಊರಿನಿಂದ ತಂದಿದ್ದ ಹಿತ್ತಾಳೆಯ ತಾಳವನ್ನು ಬಾರಿಸುತ್ತಾ, ‘ಗೋವಿಂದಾ’ ಎಂದು ಕೂಗುತ್ತಾ ಮಗ ಮೇಜಿನ ಸುತ್ತ ಓಡುತ್ತಿದ್ದ. ಅವನ ಲೆಕ್ಕದಲ್ಲಿ ಅದು ಕೃಷ್ಣಮಠದ ಸುತ್ತಲಿನ ರಥಬೀದಿ. ಕೆಳಮನೆಯಿಂದ ಯಾರೋ ಕೋಲಿನಲ್ಲಿ ತಮ್ಮ ಛಾವಣಿಗೆ ಕುಟ್ಟಿದರು. ಮೂರೇ ಪೆಟ್ಟು. ನನ್ನ ಮೈಯೆಲ್ಲ ತಣ್ಣಗಾಯಿತು. ಭಾಷೆ ಬಾರದು, ಮನೆ ಬಿಡಿಸಿದರೆ ಎಲ್ಲಿಗೆ ಹೋಗುವುದು? ತಾಳ ಕಿತ್ತುಕೊಂಡು ಕಪಾಟಿನ ಮೇಲಿಟ್ಟೆ. ಅಷ್ಟಕ್ಕೇ ನಿಂತಿದ್ದರೆ ಚಿಂತೆ ಇರಲಿಲ್ಲ. ‘ಸುಮ್ಮನೆ ಕೈಮುಗಿದು ಕೂರು. ದೇವರಿಗೆ ಗಲಾಟೆ ಆಗುವುದಿಲ್ಲ, ಸಿಟ್ಟು ಬರುತ್ತದೆ’ ಎಂದೆ.

ಹೆದರಿದವಳು ನಾನು, ಹೆದರಿದ್ದು ಕೆಳಮನೆಯವರಿಗೆ. ಹೆಸರು ಹೇಳಿದ್ದು ದೇವರದ್ದು. ಮರುದಿನವೂ ಹೇಳಿದೆ, ಅದರ ಮರುದಿನವೂ. ಹೇಳಿದ ಕೂಡಲೇ ಮಗು ತಣ್ಣಗಾಗುತ್ತಿದ್ದುದರಿಂದ ನನಗೂ ಅದೇ ಅಭ್ಯಾಸವಾಯಿತು.

ಅವನಿಗೆ ಆರು ತುಂಬಿದಾಗ ವಿಟ್ಲಪಿಂಡಿಗೆ ಊರಿಗೆ ಹೋದೆವು. ನಿಮಗೆ ಗೊತ್ತಲ್ಲ, ಗುರ್ಜಿ ಎಂಬ ಕಂಬಗಳ ಚೌಕಟ್ಟಿಗೆ ಕಟ್ಟಿದ ಕುಡಿಕೆ ಒಡೆಯುವ ಹೊತ್ತಿಗೆ ರಥಬೀದಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹುಲಿವೇಷದ ತಾಸೆ ವಾದ್ಯದ ಪೆಟ್ಟು ಎದೆಯೊಳಗೇ ಬಡಿದಂತೆ ಕೇಳುತ್ತದೆ. ಇವನು ಎರಡೂ ಕಿವಿ ಮುಚ್ಚಿಕೊಂಡು ನನ್ನ ಸೊಂಟಕ್ಕೆ ಮುಖ ಒತ್ತಿ ಕೇಳಿದ: ‘ಅಮ್ಮ, ಇಷ್ಟು ಗಲಾಟೆ ಮಾಡಿದರೆ ಕೃಷ್ಣನಿಗೆ ಸಿಟ್ಟು ಬರುವುದಿಲ್ಲವಾ?’ ಪಕ್ಕದಲ್ಲಿ ಅಜ್ಜಯ್ಯ ಇದ್ದರು. ಅವರು ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಎರಡೂವರೆ ವರ್ಷದ ಹಿಂದೆ ತಲೆಯ ಮೇಲೆ ತಾಳ ಹಾಕಿಸಿಕೊಂಡವರು ಅವರೇ.

ನಾನು ಆಟ, ಓಟ, ಕೂಗು, ಮೊಸರಿನ ರಾಡಿ, ಕೈಚಾಚಿ ಹಿಡಿದ ಉಂಡೆ ಚಕ್ಕುಲಿಯ ನಡುವೆ ದೇವರನ್ನು ಕಂಡು ಬೆಳೆದವಳು. ಇಲ್ಲಿಗೆ ತಂದದ್ದು ಕೈಕಟ್ಟಿ ಕೂರುವುದನ್ನು ಮಾತ್ರ. ಮಗನಿಗೆ ಈಗ ಇಪ್ಪತ್ತೊಂದು, ಬೇರೆ ಊರಿನಲ್ಲಿ ಓದುತ್ತಿದ್ದಾನೆ. ಒಳ್ಳೆಯ ಹುಡುಗ, ಮಾಂಸ ಮುಟ್ಟಿಲ್ಲ, ಅಜ್ಜಯ್ಯನಿಗೆ ವಾರಕ್ಕೊಮ್ಮೆ ಕನ್ನಡದಲ್ಲಿಯೇ ಫೋನ್ ಮಾಡುತ್ತಾನೆ. ಅದು ನನಗೆ ಹೆಮ್ಮೆಯೇ. ಮನೆಗೆ ಬಂದಾಗ ಆರತಿಯ ಹೊತ್ತಿಗೆ ಬಾಗಿಲ ಬಳಿ ಬಂದು, ಕೈಮುಗಿದು, ಸದ್ದಿಲ್ಲದೆ ನಿಂತು, ಸದ್ದಿಲ್ಲದೆ ಹೋಗುತ್ತಾನೆ. ನಾನು ಕಲಿಸಿದಂತೆಯೇ. ಒಮ್ಮೆ ತಾಳ ಕೊಟ್ಟು ನೋಡಿದೆ. ನಕ್ಕು ನನ್ನ ಕೈಗೇ ವಾಪಸು ಇಟ್ಟ.

ನೀವು ಆದಷ್ಟು ನೆಲಮಹಡಿಯ ಮನೆ ನೋಡಿ. ಸಿಗದಿದ್ದರೆ ಬಂದ ಮೊದಲ ವಾರವೇ ಅತ್ತೆಯವರ ಕೈಯಲ್ಲಿ ಏನಾದರೂ ಸಿಹಿ ಮಾಡಿಸಿಕೊಂಡು, ಮಗುವಿನ ಕೈ ಹಿಡಿದು ಕೆಳಮನೆಗೆ ಹೋಗಿ ಪರಿಚಯ ಹೇಳಿ ಬನ್ನಿ. ನಾನು ಮೂರು ವರ್ಷ ಅವರ ಮುಖವನ್ನೇ ನೋಡಿರಲಿಲ್ಲ. ದೀಪ ಹಚ್ಚುವ ಮೊದಲು ಇಸಾರ್ ನದಿಯ ದಂಡೆಯಲ್ಲಿ ಒಂದು ಗಂಟೆ ಓಡಾಡಿಸಿ. ಸದ್ದು ಕಡಿಮೆ ಮಾಡಬೇಕಾದಾಗ ಕೆಳಗೆ ಜನ ಮಲಗಿದ್ದಾರೆ ಎಂದು ಇದ್ದದ್ದನ್ನೇ ಹೇಳಿ, ನಾಲ್ಕು ವರ್ಷದ ಮಗುವಿಗೆ ಅದು ಅರ್ಥವಾಗುತ್ತದೆ.

ಈಗ ನಾವು ನಾಲ್ಕೈದು ಮನೆಯವರು ಸೇರಿ ವಿಟ್ಲಪಿಂಡಿಯ ಹತ್ತಿರದ ಶನಿವಾರ ಒಬ್ಬರ ತೋಟದ ಸೇಬಿನ ಮರಕ್ಕೆ ಕುಡಿಕೆ ಕಟ್ಟುತ್ತೇವೆ. ನಿಮ್ಮ ಮಗನಿಗೆ ಮುದ್ದುಕೃಷ್ಣನ ವೇಷದ ನವಿಲುಗರಿ ನಾನು ಹೊಂದಿಸುತ್ತೇನೆ. ಚಕ್ಕುಲಿ ಒರಳು ನನ್ನ ಬಳಿ ಇದೆ, ಹೊತ್ತು ತರಬೇಡಿ. ಅದರ ತೂಕಕ್ಕೆ ಎರಡು ಜೊತೆ ತಾಳ ಹಾಕಿಕೊಳ್ಳಿ.