ಅಡಿಕೆಯ ಕೊಳೆರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ ಸಮತೂಕ ಹಾಕಿದರೂ ಎಳೆ ಅಡಿಕೆ ಸುಡುತ್ತಿದೆ. ಮೈಲುತುತ್ತ ಕಡಿಮೆ ಮಾಡಲೇ?

ಬೇಡ. ಮೈಲುತುತ್ತದ ತಂಟೆಗೆ ಹೋಗಬೇಡಿ, ಸುಣ್ಣದ ಚೀಲ ಬಿಚ್ಚಿ ಎಷ್ಟು ಕಾಲವಾಯಿತು ನೋಡಿ.

ತೀರ್ಥಹಳ್ಳಿ ಕಡೆಯ ನಮ್ಮ ತೋಟದಲ್ಲೂ ಇದೇ ಆಗಿತ್ತು. ಮಳೆ ಹಿಡಿಯುವುದರೊಳಗೆ ಔಷಧಿ ಹೊಡೆಸಬೇಕು, ಮರ ಹತ್ತಿ ಹೊಡೆಯುವ ಕೊನೆಗೌಡ ಸಿಕ್ಕಿದ್ದೇ ಪುಣ್ಯ ಎಂಬ ಅವಸರ. ಹಿಂದಿನ ವರ್ಷದ ಸುಣ್ಣದ ಪುಡಿ ಅಟ್ಟದ ಮೇಲಿತ್ತು, ಅದನ್ನೇ ಇಳಿಸಿದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ತೂಕದಲ್ಲಿ ಗುಲಗಂಜಿಯಷ್ಟೂ ಹೆಚ್ಚುಕಡಿಮೆ ಇಲ್ಲ. ಆದರೂ ಮಿಳ್ಳೆಗಳ (ಎಳೆ ಅಡಿಕೆ ಕಾಯಿಗಳ) ಮೇಲೆ ಸುಟ್ಟ ಕಲೆ ಎದ್ದು, ಮರದ ಬುಡದಲ್ಲಿ ರಾಶಿ ಬಿತ್ತು. ಮೈಲುತುತ್ತ ಕಲಬೆರಕೆಯೆಂದು ಅಂಗಡಿಯವರೊಡನೆ ಜಗಳವನ್ನೂ ಆಡಿದೆ.

ಲವಣವೆಂದರೆ ಅಡುಗೆ ಉಪ್ಪಿನಂತೆ ತಟಸ್ಥ ಎಂದು ನಂಬಿದ್ದವನು ನಾನು. ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಹಾಗಲ್ಲ. ಪ್ರಬಲವಾದ ಗಂಧಕಾಮ್ಲಕ್ಕೂ ದುರ್ಬಲ ಪ್ರತ್ಯಾಮ್ಲಕ್ಕೂ ಹುಟ್ಟಿದ ಲವಣ ಅದು. ನೀರಿಗೆ ಬಿದ್ದರೆ ದ್ರಾವಣ ಆಮ್ಲೀಯವೇ. ಅದರಲ್ಲಿ ಕರಗಿ ಬಿಡಿಯಾಗಿರುವ ತಾಮ್ರ ಎಳೆ ಕಾಯಿಯನ್ನು ಸುಡುತ್ತದೆ. ಸುಣ್ಣ ಪ್ರತ್ಯಾಮ್ಲವಾದ್ದರಿಂದ ಆಮ್ಲಗುಣವನ್ನು ಕಳೆದು, ತಾಮ್ರವನ್ನು ಕರಗದ ನೀಲಿ ಕಣಗಳಾಗಿ ಕಟ್ಟಿಹಾಕುತ್ತದೆ. ಲೆಕ್ಕ ಹಾಕಿದರೆ 1 ಕಿಲೋ ಮೈಲುತುತ್ತಕ್ಕೆ ಶುದ್ಧ ಸುಟ್ಟ ಸುಣ್ಣ ಕಾಲು ಕಿಲೋ ಸಹ ಬೇಕಿಲ್ಲ. ಹಾಗಿದ್ದೂ ಒಂದು ಕಿಲೋ ಸಾಲದೆ ಹೋಯಿತೆಂದರೆ, ಚೀಲದಲ್ಲಿ ಸುಣ್ಣವೇ ಹೆಚ್ಚು ಉಳಿದಿರಲಿಲ್ಲ. ನಮ್ಮ ಮಳೆಗಾಲದ ತೇವದಲ್ಲಿ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿತ್ತು, ಎಂದರೆ ಭಟ್ಟಿಗೆ ಹಾಕುವ ಮೊದಲಿನ ಸುಣ್ಣದಕಲ್ಲು. ಬಣ್ಣ ಅದೇ ಬಿಳಿ. ತೂಕವಂತೂ ಇಳಿಯುವ ಬದಲು ಏರುತ್ತದೆ: 74 ಗ್ರಾಂ ಅರಳಿದ (ನೀರು ಕುಡಿದು ಪುಡಿಯಾದ) ಸುಣ್ಣ ಪೂರ್ತಿ ಹಾಗಾದರೆ 100 ಗ್ರಾಂ ತೂಗುತ್ತದೆ. ತಕ್ಕಡಿಯನ್ನು ನಂಬಿ ಕೆಟ್ಟದ್ದು ಹೀಗೆ.

ಮೈಲುತುತ್ತ ತಗ್ಗಿಸಿದರೆ ಕೊಳೆರೋಗವನ್ನು ನೀವೇ ಕರೆದಂತೆ. ಅಂಗಡಿಯಲ್ಲಿ ತೋರಿಸುವ ಬೇರೆ ಡಬ್ಬಿಗಳ ಗೊಡವೆ ನನಗಿಲ್ಲ. ಸುಟ್ಟ ಸುಣ್ಣದ ಹರಳನ್ನೇ ತನ್ನಿ. ನೀರು ಚಿಮುಕಿಸಿದರೆ ಬುಸುಗುಟ್ಟಿ ಕಾಯಬೇಕು (ಕಣ್ಣು ಜೋಪಾನ). ತಣಿದ ಮೇಲೆ ಸೋಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಿ. ಪಾತ್ರೆ ಪ್ಲಾಸ್ಟಿಕ್ಕಿನದಿರಲಿ, ಕಬ್ಬಿಣದ ಡ್ರಮ್ ಬೇಡವೇ ಬೇಡ. ಪಿಎಚ್ ಮೀಟರಿಗೆ ದುಡ್ಡು ಸುರಿಯುವ ಅಗತ್ಯವೂ ಇಲ್ಲ: ಉಜ್ಜಿದ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಅದ್ದಿ ನೋಡಿ. ಹತ್ತದಿದ್ದರೆ ಅವತ್ತೇ ಹೊಡೆಸಿ ಮುಗಿಸಿ, ನಾಳೆಗೆ ಉಳಿಸಬೇಡಿ.