ಇಬ್ಬರು ಕಾಯಂ ಆಳು ಇಟ್ಟರೆ ಹತ್ತಿ ಬಿಡಿಸುವ ತೊಂದರೆ ತೀರುತ್ತದೆಯೇ?

ನಮಸ್ಕಾರ ಅಣ್ಣಾ. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಸಿಂಧನೂರು ತಾಲೂಕಿನಲ್ಲಿ 18 ಎಕರೆ. ಅದರಲ್ಲಿ 8 ಎಕರೆ ಭತ್ತ, 6 ಎಕರೆ ಹತ್ತಿ, 4 ಎಕರೆ ಮೆಣಸಿನಕಾಯಿ. ಹೋದ ವರ್ಷ ಆಳು ಸಿಗದೆ ಅರಳಿದ ಹತ್ತಿ ಮಳೆಗೆ ಸಿಕ್ಕಿತು. ನೀರು ನೋಡಿಕೊಳ್ಳುತ್ತಿದ್ದ ಅಪ್ಪಾಜಿಗೆ ವಯಸ್ಸಾಯಿತು, ತಮ್ಮ ಬೆಂಗಳೂರು ಸೇರಿದ. ಇಬ್ಬರು ಕಾಯಂ ಆಳು ಇಡಲೇ, ಇಲ್ಲ ಎಲ್ಲ ಗುತ್ತಿಗೆ ಕೊಡಲೇ ಎಂದು ಕೇಳಿದ್ದೀರಿ.

ನಾನು ಗಿಣಿಗೇರಿ ಕಡೆಯ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಇದ್ದವನು. ಈಗ ಕಾರಟಗಿ ಹತ್ತಿರ ನಮ್ಮದೇ ಹೊಲ ನೋಡಿಕೊಳ್ಳುತ್ತಿದ್ದೇನೆ. ಕಾರ್ಖಾನೆಯಲ್ಲಿ ಯಾವ ವಿಭಾಗದವರಾದರೂ ಬಂದು "ಇನ್ನೂ ಇಬ್ಬರು ಬೇಕು" ಅಂದರೆ ನಾವು ಮೊದಲು ಕೇಳುತ್ತಿದ್ದದ್ದು ಒಂದೇ: ಯಾವ ಕೆಲಸಕ್ಕೆ, ಯಾವ ತಿಂಗಳು, ಎಷ್ಟು ಹೊತ್ತು? ಹೊಲಕ್ಕೂ ಇದೇ ಪ್ರಶ್ನೆ ಬೇಕು. ಆಳು ಎಣಿಸುವ ಮೊದಲು ಕೆಲಸ ಎಣಿಸಬೇಕು. ನಿಮಗೆ ಇರುವುದು ಒಂದಲ್ಲ, ಎರಡು ತೊಂದರೆ. ಹತ್ತಿ ಬಿಡಿಸುವುದು ವರ್ಷದಲ್ಲಿ ಕೆಲವೇ ದಿನದ ಕೆಲಸ, ಆದರೆ ಆ ದಿನಗಳಲ್ಲಿ ತುಂಬಾ ಜನ ಬೇಕು. ನೀರು ನೋಡುವುದು ದಿನವೂ ಇರುವ ಕೆಲಸ, ಅದಕ್ಕೆ ಒಬ್ಬರೇ ಸಾಕು. ಎರಡಕ್ಕೂ ಒಂದೇ ಉತ್ತರ ಹುಡುಕಿದರೆ ದುಡ್ಡು ಹೋಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ.

ಮೊದಲು ಹತ್ತಿಯ ಲೆಕ್ಕ ನೋಡೋಣ. ಎಕರೆಗೆ 8 ಕ್ವಿಂಟಲ್ ಅಂತ ಹಿಡಿಯಿರಿ. 6 ಎಕರೆಗೆ 48 ಕ್ವಿಂಟಲ್, ಅಂದರೆ 4,800 ಕೆಜಿ. ಮೂರು ಸಲ ಬಿಡಿಸುತ್ತೀರಿ ಅಂದುಕೊಳ್ಳೋಣ. ಎರಡನೇ ಸಲ ಹತ್ತಿ ಜಾಸ್ತಿ, 2,160 ಕೆಜಿ ಬಂತು ಎನ್ನಿ. ಆ ಸಲ ಒಬ್ಬ ಹೆಣ್ಣಾಳು ದಿನಕ್ಕೆ 30 ಕೆಜಿ ಬಿಡಿಸಿದರೆ 72 ಆಳು ಬೇಕು (ಒಬ್ಬರ ಒಂದು ದಿನದ ಕೆಲಸ ಅಂದರೆ ಒಂದು ಆಳು). ಮೋಡ ಕವಿಯುವ ಮೊದಲು 6 ದಿನದಲ್ಲಿ ಮುಗಿಯಬೇಕು ಅಂದರೆ ದಿನಕ್ಕೆ 12 ಜನ. ಈಗ ನಿಮ್ಮ ಇಬ್ಬರು ಕಾಯಂ ಆಳುಗಳನ್ನೂ ಹತ್ತಿಗೇ ಹಚ್ಚಿದಿರಿ ಎನ್ನಿ. 6 ದಿನಕ್ಕೆ ಅವರದು 12 ಆಳಿನ ಕೆಲಸ. ಇನ್ನೂ 60 ಬಾಕಿ! ಅದೂ ನಮ್ಮ ಕಡೆ ಕಾಯಂ ಇರುವವರು ಸಾಮಾನ್ಯವಾಗಿ ಗಂಡಾಳುಗಳು, ಹತ್ತಿ ಬಿಡಿಸುವ ಕೈ ಇರುವುದು ಹೆಣ್ಣುಮಕ್ಕಳಿಗೆ. ಹಾಗಾಗಿ ಇಬ್ಬರಲ್ಲ, ನಾಲ್ವರನ್ನು ಇಟ್ಟರೂ ಹೋದ ವರ್ಷದ ಕಥೆಯೇ ಮತ್ತೆ ಆಗುತ್ತದೆ.

30 ಕೆಜಿ ಎಂಬ ನನ್ನ ಲೆಕ್ಕವನ್ನು ಹಾಗೇ ಒಪ್ಪಬೇಡಿ. ತಳಿ, ಕಾಯಿಯ ಗಾತ್ರ, ಕೈ ಪಳಗಿದೆಯೋ ಇಲ್ಲವೋ, ಎಷ್ಟನೇ ಸಲ ಬಿಡಿಸುತ್ತಿದ್ದಾರೆ, ಇದೆಲ್ಲದರ ಮೇಲೆ ಅದು ಹೆಚ್ಚು ಕಡಿಮೆ ಆಗುತ್ತದೆ. ಈ ವರ್ಷ ಮೊದಲ ಸಲ ಬಿಡಿಸುವಾಗ ಯಾರು ಎಷ್ಟು ಕೆಜಿ ತಂದರು ಎಂದು ಬರೆದಿಡಿ. ಕೂಲಿ ಕೊಡಲು ಹೇಗೂ ತೂಕ ಹಾಕುತ್ತೀರಿ. ಅದೇ ಚೀಟಿಯನ್ನು ಎಸೆಯದೆ ಇಟ್ಟುಕೊಂಡರೆ ಮುಂದಿನ ವರ್ಷದ ಲೆಕ್ಕಕ್ಕೆ ಅದಕ್ಕಿಂತ ಒಳ್ಳೆಯ ಆಧಾರ ಇಲ್ಲ.

ಲೆಕ್ಕಕ್ಕಿಂತ ಮುಂಚಿನ ಮಾತು ಒಂದಿದೆ. ಒಂದು ದಿನ ಸುಮ್ನೆ ಹೊಲದಲ್ಲಿ ನಿಂತು, ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಿ. ಕಾರ್ಖಾನೆಯಲ್ಲಿ ಇದನ್ನು ಜಾಬ್ ಅನಾಲಿಸಿಸ್ ಅನ್ನುತ್ತಾರೆ. ನೋಡುವುದು, ಮಾಡುವವರನ್ನೇ ಕೇಳುವುದು, ಬರೆದಿಡುವುದು, ಅಷ್ಟೇ. ಅಮೆರಿಕದಲ್ಲಿ ಫ್ರಾಂಕ್ ಗಿಲ್‌ಬ್ರೆತ್ ಎಂಬುವರು ನೂರು ವರ್ಷಕ್ಕೂ ಹಿಂದೆ ಗೌಂಡಿಗಳ ಕೆಲಸವನ್ನು ಹೀಗೇ ನಿಂತು ನೋಡಿದರು. ಒಂದು ಇಟ್ಟಿಗೆ ಇಡಲು ಗೌಂಡಿ 18 ಸಲ ಮೈ ಕೈ ಆಡಿಸುತ್ತಿದ್ದ. ಪ್ರತಿ ಇಟ್ಟಿಗೆಗೂ ನೆಲಕ್ಕೆ ಬಾಗುತ್ತಿದ್ದ. ಇಟ್ಟಿಗೆ, ಗಾರೆ ಎರಡನ್ನೂ ಸೊಂಟದ ಎತ್ತರದಲ್ಲಿ ಇಡಿಸಿದರು, ಇಟ್ಟಿಗೆಗಳನ್ನು ಮೊದಲೇ ಆರಿಸಿ ಜೋಡಿಸಿಡಲು ಸಹಾಯಕರಿಗೆ ಹೇಳಿದರು. 18 ಇದ್ದದ್ದು 5ಕ್ಕೆ ಇಳಿಯಿತು. ಗೌಂಡಿಯನ್ನು ಓಡಿಸಿ ದುಡಿಸಿದ್ದಲ್ಲ, ಅವನ ಸುಸ್ತು ಕಡಿಮೆ ಮಾಡಿದ್ದು.

ನಿಮ್ಮ ಹೊಲದಲ್ಲೂ ಹೀಗೆ ನೋಡಿ. ಉಡಿ ತುಂಬಿದ ಮೇಲೆ ಹೆಣ್ಣುಮಕ್ಕಳು ಹತ್ತಿ ಸುರಿಯಲು ಎಷ್ಟು ದೂರ ನಡೆಯುತ್ತಾರೆ? ತೂಕದ ಕಾಟಾ ರಸ್ತೆ ಬದಿಯಲ್ಲಿದ್ದರೆ ಹೊಲದ ಆ ತುದಿಯಿಂದ ಹೋಗಿ ಬರುವುದರಲ್ಲೇ ದಿನದ ಒಂದು ಪಾಲು ಕಳೆಯುತ್ತದೆ. ನಡುವೆ ಎರಡು ಕಡೆ ತಾಡಪತ್ರಿ ಹಾಸಿ, ಅಲ್ಲೇ ಸುರಿಯಲಿ. ಕಾಯಂ ಆಳು ಅದನ್ನು ಅಂಡಿಗೆಗೆ (ಹತ್ತಿಯ ದೊಡ್ಡ ಚೀಲ) ತುಂಬಿ ಗಾಡಿಗೆ ಹಾಕಲಿ. ಒಬ್ಬೊಬ್ಬರದು ಬೇರೆ ಬೇರೆ ಗುಡ್ಡೆ ಇದ್ದರೆ ತೂಕದಲ್ಲಿ ತಕರಾರು ಬರುವುದಿಲ್ಲ. ಕುಡಿಯುವ ನೀರಿನ ಕೊಡ ಎಲ್ಲಿದೆ? ಕೂಸು ಇರುವ ತಾಯಂದಿರಿಗೆ ನೆರಳು, ಜೋಳಿಗೆ ಕಟ್ಟಲು ಜಾಗ ಇದೆಯೇ? ಇಷ್ಟು ಇದ್ದರೆ 12 ಜನರ ಕೆಲಸವನ್ನು 11 ಜನ ಆರಾಮಾಗಿ ಮುಗಿಸಿಯಾರು. ಜೊತೆಗೆ ಅದೇ ಗುಂಪು ಮರುವರ್ಷ ಬೇರೆಯವರ ಹೊಲ ಬಿಟ್ಟು ನಿಮ್ಮಲ್ಲಿಗೆ ಬರುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಕೆಜಿ ಲೆಕ್ಕದ ಕೂಲಿ ಇದ್ದಾಗ ನಸುಕಿನಲ್ಲಿ, ಮಂಜು ಆರುವ ಮೊದಲೇ ಬಿಡಿಸಲು ಮನಸ್ಸಾಗುತ್ತದೆ. ತೇವದ ಹತ್ತಿ ತೂಕ ಜಾಸ್ತಿ, ಬಿಸಿಲೂ ಇರುವುದಿಲ್ಲ. ಅವರ ತಪ್ಪಲ್ಲ, ಕೂಲಿ ಕೊಡುವ ರೀತಿಯೇ ಹಾಗಿದೆ. ಆದರೆ ಭಾರತೀಯ ಹತ್ತಿ ನಿಗಮ ಬೆಂಬಲ ಬೆಲೆಗೆ ಕೊಳ್ಳುವಾಗ ತೇವಾಂಶ ಶೇ 8 ದಾಟಿದರೆ ಬೆಲೆ ಕಡಿಮೆ ಮಾಡುತ್ತದೆ, ಶೇ 12 ದಾಟಿದರೆ ಕೊಳ್ಳುವುದೇ ಇಲ್ಲ. ಹಾಗಾಗಿ ಬೆಳಗಿನ ಒಂದೆರಡು ತಾಸು ಬೇರೆ ಕೆಲಸ ಇಟ್ಟು ಅದಕ್ಕೆ ಬೇರೆ ಕೂಲಿ ಕೊಡಿ, ಮಂಜು ಆರಿದ ಮೇಲೆ ಹತ್ತಿಗೆ ಇಳಿಸಿ. ಅಂದರೆ ಹತ್ತಿಗೆ ಸಿಗುವ ತಾಸು ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಆಳು ಎಣಿಸುವಾಗ ಅದೂ ಲೆಕ್ಕಕ್ಕೆ ಬರಬೇಕು.

ಈಗ ಅಪ್ಪಾಜಿಯ ಕೆಲಸಕ್ಕೆ ಬರೋಣ. ನನಗೆ ಇದರದ್ದೇ ಹೆಚ್ಚು ಚಿಂತೆ. ಆಳು ದುಡ್ಡು ಕೊಟ್ಟರೆ ಸಿಗಬಹುದು, ಅಪ್ಪಾಜಿಗೆ ಗೊತ್ತಿರುವುದು ಸಿಗುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಮ್ಮ ತೂಬಿಗೆ ಯಾವ ಹೊತ್ತಿಗೆ ಬರುತ್ತದೆ, ಯಾವ ಮಡಿ ತುಂಬಲು ಎಷ್ಟು ತಾಸು, ಯಾವ ಬದು ಸೋರುತ್ತದೆ, ಮೇಲಿನವರು ನೀರು ತಿರುಗಿಸಿಕೊಂಡರೆ ಯಾರಿಗೆ ಫೋನ್ ಮಾಡಬೇಕು, ಮೋಟರ್ ಸ್ಟಾರ್ಟರ್ ಯಾಕೆ ಟ್ರಿಪ್ ಆಗುತ್ತದೆ, ಇದೆಲ್ಲ ಅವರ ತಲೆಯಲ್ಲಿದೆ. ಒಂದು ಪೂರ್ತಿ ಸರದಿ ಅವರ ಜೊತೆ ತಿರುಗಿ. ಅವರು ಮಾಡಿದ್ದನ್ನೆಲ್ಲ ಮೊಬೈಲಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ. "ಯಾಕೆ ಹೀಗೆ?" ಎಂದು ಕೇಳುತ್ತಾ ಇರಿ. ಹೊಸಬ ಬಂದ ಮೇಲೆ ಅವನೂ ಒಂದು ಸರದಿ ಅಪ್ಪಾಜಿಯ ಜೊತೆ ಇರಲಿ. ಅವರು ಬದುವಿನ ಮೇಲೆ ಕುಳಿತು ಹೇಳಲಿ, ಅವನು ಸಲಿಕೆ ಹಿಡಿಯಲಿ. ಇದನ್ನು ಮುಂದಕ್ಕೆ ಹಾಕಬೇಡಿ.

ಹೀಗೆ ಬರೆದಾಗ ಎರಡು ಪಟ್ಟಿ ಆಗುತ್ತವೆ. ಕೆಲಸದಲ್ಲಿ ಏನೇನು ಇದೆ ಎಂಬುದು ಒಂದು. ಅದನ್ನು ಮಾಡುವವರಿಗೆ ಏನೇನು ಇರಬೇಕು ಎಂಬುದು ಇನ್ನೊಂದು. ನೀರಿನವನಿಗೆ ಏನಿರಬೇಕು? ಊರಲ್ಲೇ ಮನೆ ಇರಬೇಕು, ರಾತ್ರಿ ನೀರು ಬಂದರೆ ಹೊರಡುವಂತಿರಬೇಕು, ಕುಡಿದು ಸ್ಟಾರ್ಟರ್ ಮುಟ್ಟುವವನಾಗಿರಬಾರದು, ಫೋನಿನಲ್ಲಿ ವಿಷಯ ಸರಿಯಾಗಿ ಹೇಳಬೇಕು. ಭಾರ ಹೊರುವ ಶಕ್ತಿ ಬೇಕಿಲ್ಲ. 50 ದಾಟಿದವರೂ ನಡೆಯುತ್ತದೆ. ನೀವು ಅವನಿಗೆ ಕೊಡಬೇಕಾದದ್ದು ಒಳ್ಳೆಯ ಬ್ಯಾಟರಿ, ಹಾವು ಹುಳಕ್ಕೆ ಗಂಬೂಟು, ಸರಿಯಾಗಿ ಅರ್ಥಿಂಗ್ ಮಾಡಿಸಿದ ಸ್ಟಾರ್ಟರ್ ಡಬ್ಬಿ.

ಔಷಧಿ ಸಿಂಪಡಿಸುವವರದು ಬೇರೆ. ಅಲ್ಲಿ ಬೇಕಾದದ್ದು ಎಚ್ಚರಿಕೆ. ಡಬ್ಬಿಯ ಮೇಲಿನ ಬಣ್ಣದ ಗುರುತು ಗೊತ್ತಿರಬೇಕು: ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ಆಮೇಲೆ ನೀಲಿ, ಎಲ್ಲಕ್ಕಿಂತ ಕಡಿಮೆ ಹಸಿರು. ಗಾಳಿ ನೋಡಿ ನಿಲ್ಲಬೇಕು, ಕೈಗವಸು ಮಾಸ್ಕ್ ಹಾಕಿಕೊಳ್ಳಬೇಕು. ನೀರು, ಔಷಧಿ, ಟ್ರ್ಯಾಕ್ಟರ್, ದನ, ಕಾವಲು ಎಲ್ಲವನ್ನೂ ಬಲ್ಲ ಒಬ್ಬನೇ ಆಳು ಬೇಕು ಎಂದು ಹುಡುಕಿದರೆ ಅಂಥವನು ಸಿಗುವುದಿಲ್ಲ. ಸಿಕ್ಕರೂ ಟ್ರ್ಯಾಕ್ಟರ್ ಬಲ್ಲವನು ನಾಳೆ ಬೇರೆ ಕಡೆ ಹೋಗುತ್ತಾನೆ. ಸಿಂಪರಣೆ, ಟ್ರ್ಯಾಕ್ಟರ್ ಕೆಲಸ ಬಾಡಿಗೆಯವರಿಗೆ ಬಿಡಿ. ನೀರು ಮತ್ತು ದನ ಒಬ್ಬರಿಗೆ ಕೊಡಿ.

ಹಾಗಾದರೆ ಕಾಯಂ ಎಷ್ಟು ಜನ? ವರ್ಷಪೂರ್ತಿ ಇರುವ ಕೆಲಸ ಮಾತ್ರ ಕೂಡಿಸಿ. ಉದಾಹರಣೆಗೆ ಅದು 400 ಆಳಿನ ಕೆಲಸ ಆಯಿತು ಎನ್ನಿ. ಒಬ್ಬ ಮನುಷ್ಯ ವರ್ಷಕ್ಕೆ 365 ದಿನ ಬರುವುದಿಲ್ಲ, ಬರಬೇಕು ಅನ್ನುವುದೂ ನ್ಯಾಯವಲ್ಲ. ವಾರಕ್ಕೊಂದು ರಜೆ, ಹಬ್ಬ, ಜ್ವರ, ನೆಂಟರ ಮದುವೆ ಕಳೆದರೆ 290 ದಿನ ಸಿಗುತ್ತದೆ. 400ರಲ್ಲಿ 290 ಕಳೆದರೆ 110 ಉಳಿಯಿತು. ಅಷ್ಟಕ್ಕೆ ಎರಡನೇ ಕಾಯಂ ಆಳು ಬೇಕಿಲ್ಲ. ದಿನಗೂಲಿಗೆ ಕರೆಯಬಹುದು, ಇಲ್ಲವೇ ಪಕ್ಕದ ಹೊಲದವರೂ ನೀವೂ ಸೇರಿ ಒಬ್ಬನನ್ನು ಹಂಚಿಕೊಳ್ಳಬಹುದು. ನಿಮ್ಮ ವಿವರ ನೋಡಿದರೆ ಒಬ್ಬ ಕಾಯಂ ಸಾಕು ಅನಿಸುತ್ತದೆ. ವರ್ಷದ ಪಗಾರವನ್ನು 365ರಿಂದ ಭಾಗಿಸದೆ ನಿಜವಾಗಿ ಕೆಲಸ ಇರುವ ದಿನಗಳಿಂದ ಭಾಗಿಸಿ. ಆಗ ದಿನಗೂಲಿ ಅಗ್ಗವೋ ಕಾಯಂ ಅಗ್ಗವೋ ಗೊತ್ತಾಗುತ್ತದೆ.

ಮುಂಗಡ ಕೊಟ್ಟು ವರ್ಷಕ್ಕೆ ಕಟ್ಟಿಹಾಕಿಕೊಳ್ಳಿ ಎಂದು ಇಲ್ಲೇ ಮೇಲೆ ಒಬ್ಬರು ಬರೆದಿದ್ದಾರೆ. ದಯವಿಟ್ಟು ಆ ದಾರಿ ಬೇಡ. ಸಾಲ ತೀರುವತನಕ ಬಿಡುವುದಿಲ್ಲ ಅನ್ನುವುದು ಜೀತವೇ, ಅದನ್ನು 1976ರ ಕಾಯ್ದೆ ನಿಷೇಧಿಸಿದೆ. ತಿಂಗಳ ಪಗಾರ ತಿಂಗಳಿಗೆ ಕೊಡಿ, ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಹತ್ತಿಯ ಆ 60 ಆಳಿನ ಕೊರತೆಗೆ ಮೊದಲ ಸಲಹೆ ಇದು: ಕೆಲಸವನ್ನೇ ಹರಡಿ. 6 ಎಕರೆ ಒಂದೇ ವಾರ ಬಿತ್ತದೆ ಎರಡು ಕಂತಿನಲ್ಲಿ ಬಿತ್ತಿದರೆ ಅರಳುವುದೂ ಹಿಂದೆ ಮುಂದೆ ಆಗುತ್ತದೆ. ಭತ್ತಕ್ಕೂ ಇದೇ. 8 ಎಕರೆ ನಾಟಿಗೆ ಎಕರೆಗೆ 10 ಜನರಂತೆ 80 ಆಳು. ಸಸಿ ಬಲಿಯುವ ಮೊದಲು 4 ದಿನದಲ್ಲಿ ಮುಗಿಸಲು ದಿನಕ್ಕೆ 20 ಜನ ಬೇಕು. ಸಸಿಮಡಿಯನ್ನೇ ಒಂದು ವಾರ ಬಿಟ್ಟು ಎರಡು ಸಲ ಹಾಕಿದರೆ 10 ಜನರ ಒಂದೇ ಗುಂಪು ಎರಡೂ ಮುಗಿಸುತ್ತದೆ. ನೇರ ಕೂರಿಗೆ ಬಿತ್ತನೆ ಮಾಡಿದರೆ ನಾಟಿಯೇ ಇರುವುದಿಲ್ಲ, ನಿಜ. ಆದರೆ ಕಸ ಜಾಸ್ತಿ ಬರುತ್ತದೆ. ನಾಟಿಯ ಆಳು ಉಳಿಸಿ ಕಸ ತೆಗೆಯಲು ಆಳು ಹುಡುಕುವಂತೆ ಆಗಬಾರದು, ಕಳೆನಾಶಕದ ಲೆಕ್ಕ ಮೊದಲೇ ಹಾಕಿ. ಕೊಯ್ಲಿಗೆ ಹೇಗೂ ಯಂತ್ರ ಬರುತ್ತದೆ. ಮೆಣಸಿನಕಾಯಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಿಡದಲ್ಲೇ ಒಣಗುವ ಕಾಯಿ ಕೆಲವು ದಿನ ಕಾಯುತ್ತದೆ, ಅರಳಿದ ಹತ್ತಿ ಕಾಯುವುದಿಲ್ಲ. ಎರಡೂ ಒಟ್ಟಿಗೆ ಬಂದರೆ ಹತ್ತಿ ಮೊದಲು.

ಇನ್ನು ಜನ ಎಲ್ಲಿಂದ ಬರುತ್ತಾರೆ ಎಂಬುದು. ಸುತ್ತಲಿನ ಊರುಗಳ ಗುಂಪುಗಳನ್ನು ಬರೆಯಿರಿ: ಮುಂದಾಳು ಯಾರು, ಎಷ್ಟು ಜನ, ಯಾರ ಹೊಲಕ್ಕೆ ಮೊದಲು ಮಾತು ಕೊಟ್ಟಿದ್ದಾರೆ. ಲಿಂಗಸುಗೂರು, ದೇವದುರ್ಗ, ಕುಷ್ಟಗಿ ಕಡೆಯ ಒಣಭೂಮಿಯವರು ಬೆಂಗಳೂರಿಗೆ, ಗೋವಾಕ್ಕೆ ಗುಳೆ ಹೋಗುತ್ತಾರೆ. ಹೊರಡುವ ಮೊದಲೇ ಇಂಥ ವಾರ ಇಷ್ಟು ದಿನ ಖಾತ್ರಿ ಕೆಲಸ ಇದೆ ಎಂದು ಹೇಳಿದರೆ ಕೆಲವು ಮನೆಯವರಾದರೂ ಉಳಿಯುತ್ತಾರೆ. ಅವರಿಗೂ ಊರು ಬಿಡುವುದು ಖುಷಿಯೇನಲ್ಲ, ಅಲ್ವಾ? ಜಾತ್ರೆಗಳನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬನದ ಹುಣ್ಣಿಮೆಗೆ ಅಂಬಾಮಠದ ಜಾತ್ರೆ, ಅದರ ಆಸುಪಾಸಿನಲ್ಲೇ ಕೊಪ್ಪಳದ ಗವಿಮಠದ ಜಾತ್ರೆ. ಆ ದಿನಗಳಲ್ಲಿ ಯಾರೂ ಬರುವುದಿಲ್ಲ, ಬರಲಿ ಅಂತ ಅಂದುಕೊಳ್ಳಲೂಬಾರದು. 12 ಜನ ಹೇಳಿದ ಕಡೆ 10 ಜನ ಬಂದರೆ 72 ಆಳಿನ ಕೆಲಸಕ್ಕೆ 6 ದಿನದ ಬದಲು 8ನೇ ದಿನಕ್ಕೆ ಕಾಲಿಡಬೇಕಾಗುತ್ತದೆ. ಅದಕ್ಕೇ ಎರಡು ಗುಂಪಿಗೆ ಮಾತು ಹೇಳಿ, ಎರಡೂ ಗುಂಪಿಗೆ ನಿಜವನ್ನೇ ಹೇಳಿ.

ಕರೆತರುವ ಟಂಟಂ ಖರ್ಚು ನೀವೇ ಕೊಡಿ, ಆದರೆ ಸೀಟಿಗಿಂತ ಜಾಸ್ತಿ ಜನ ತುಂಬಿಸಬೇಡಿ, ಬೇಕಾದರೆ ಎರಡು ಸುತ್ತು ಬರಲಿ. ಅಮ್ಮಂದಿರ ಜೊತೆ ಮಕ್ಕಳು ಬಂದರೆ 14ರೊಳಗಿನವರನ್ನು ಸಾಲಿಗೆ ಇಳಿಸಬೇಡಿ. ಅವರನ್ನು ಕೂಲಿಗೆ ಹಚ್ಚುವುದನ್ನು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಪೂರ್ತಿ ನಿಷೇಧಿಸಿದೆ. ಒಂದೇ ಕೆಲಸಕ್ಕೆ ಗಂಡಾಳಿಗೊಂದು ಹೆಣ್ಣಾಳಿಗೊಂದು ಕೂಲಿ ಇರಬಾರದು ಎಂಬ ಕಾನೂನು ಬಂದದ್ದೂ 1976ರಲ್ಲೇ. ನಮ್ಮ ಹೊಲಗಳಲ್ಲಿ ಅದು ಇನ್ನೂ ಪೂರ್ತಿ ನಡೆಯುತ್ತಿಲ್ಲ ಎಂಬುದು ನನಗೆ ನೋವಿನ ವಿಷಯ. ನೀವು ಸರಿಯಾಗಿ ಕೊಟ್ಟರೆ ಆ ಸುದ್ದಿ ಹೆಣ್ಣುಮಕ್ಕಳ ಗುಂಪುಗಳಲ್ಲಿ ಬೇಗ ಹಬ್ಬುತ್ತದೆ.

ಕೊನೆಯದಾಗಿ ನೀರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಬೆಳೆಗೆ ನೀರು ಉಳಿಯುತ್ತದೋ ಇಲ್ಲವೋ ಎಂದು ನಾವೆಲ್ಲ ಕಂಗಾಲಾಗಿದ್ದೆವು. ಎರಡನೇ ಬೆಳೆಗೆ ನೀರು ಬಿಡುವುದು ನೀರಾವರಿ ಸಲಹಾ ಸಮಿತಿಯ ತೀರ್ಮಾನ, ನಮ್ಮ ಕೈಯಲ್ಲಿಲ್ಲ. ಹಾಗಾಗಿ ಎರಡು ಹಾಳೆ ಮಾಡಿ. ಎರಡನೇ ಬೆಳೆ ಇದ್ದರೆ ಹತ್ತಿಯ ಕೊನೆಯ ಬಿಡಿಸುವಿಕೆ, ಮೆಣಸಿನಕಾಯಿ, ಭತ್ತದ ನಾಟಿ ಮೂರೂ ಒಂದರ ಮೇಲೊಂದು ಬೀಳುತ್ತವೆ. ಅದಕ್ಕೊಂದು ಹಾಳೆ. ಇಲ್ಲದಿದ್ದರೆ ಕಾಯಂ ಆಳಿಗೆ ಆ ತಿಂಗಳುಗಳಲ್ಲಿ ಏನು ಕೆಲಸ ಕೊಡುತ್ತೀರಿ, ಅದಕ್ಕೆ ಇನ್ನೊಂದು. ಬದು ಕಟ್ಟುವುದು, ಕಾಲುವೆ ಹೂಳು ತೆಗೆಯುವುದು, ಕೊಟ್ಟಿಗೆ ರಿಪೇರಿ, ಇಂಥವನ್ನು ಆ ಹೊತ್ತಿಗೆ ಎತ್ತಿಡಿ. ನೀರಿಲ್ಲ ಎಂದು ಅವನನ್ನು ನಡುವೆ ಬಿಡಿಸಬೇಡಿ.

ಹೋದ ವರ್ಷದ ಕೂಲಿ ಚೀಟಿಗಳು ಇನ್ನೂ ಇದ್ದರೆ ಫೋಟೋ ತೆಗೆದು ಇಲ್ಲೇ ಹಾಕಿ. ಹೆಸರುಗಳನ್ನು ಮಾತ್ರ ಮುಚ್ಚಿ. ಯಾವ ವಾರ ಎಷ್ಟು ಆಳು ಬೇಕು ಎಂಬ ತಖ್ತೆ ನಾನು ಮಾಡಿಕೊಡುತ್ತೇನೆ, ಮಾನ್ವಿ, ಸಿರುಗುಪ್ಪ ಕಡೆಯವರು ನಿಮ್ಮಲ್ಲಿ ಒಬ್ಬರು ದಿನಕ್ಕೆ ಎಷ್ಟು ಕೆಜಿ ಬಿಡಿಸುತ್ತಾರೆ ಎಂದು ಬರೆದರೆ ಇನ್ನೂ ಒಳ್ಳೆಯದು.